ಮೂರನೇ ಸಲ ಕೇಳುವಷ್ಟು ಪುರಸೊತ್ತು

ಎರಡು ಸಲ ಕೇಳಿದ್ದೆ ಎಂದೇ ನನ್ನ ನೆನಪು. ಒಂದೇ ಸಲ ಇದ್ದರೂ ಇರಬಹುದು. ಚಹಾದಂಗಡಿಯ ಬೆಂಚು ನೆನಪಿದೆ, ಬೆಂಚಿನ ಮೇಲೆ ಹಾಸಿದ್ದ ಕೆಂಪು ಕಂಬಳಿ ನೆನಪಿದೆ, ಲೋಟದ ಬಾಯಿಗೆ ಅಡ್ಡ ಹಿಡಿದ ಸರೋಜತ್ತಿಗೆಯ ಅಂಗೈ ನೆನಪಿದೆ. ಆದರೆ ಕಂಬಳಿ ಕೆಂಪಲ್ಲ. ಊರಿಗೆ ಬಂದಮೇಲೆ ಫೋನಿನಲ್ಲಿದ್ದ ಚಿತ್ರ ತೆಗೆದು ನೋಡಿದೆ, ನೀಲಿ. ಕಂಬಳಿಯ ಬಣ್ಣವನ್ನೇ ತಪ್ಪಾಗಿ ಇಟ್ಟುಕೊಂಡ ತಲೆ, ಕೇಳಿದ್ದು ಎಷ್ಟು ಸಲ ಎಂಬುದನ್ನು ಸರಿಯಾಗಿ ಇಟ್ಟುಕೊಂಡಿದೆ ಎಂದು ಹೇಗೆ ನಂಬಲಿ?

ಕೇಳಿದ್ದು ದೊಡ್ಡ ಪ್ರಶ್ನೆಯೇನಲ್ಲ. ‘ಕೆಳಗೆ ಹೋಪನ?’ ಕೆಳಗೆ ಹೋಗೋಣವೇ, ಅಷ್ಟೇ. ನಾವಿದ್ದದ್ದು ನೇಪಾಳದ ಮುಕ್ತಿನಾಥದಲ್ಲಿ, ಗಾಳಿ ತೆಳುವಾಗುವಷ್ಟು ಎತ್ತರದಲ್ಲಿ. ಅತ್ತಿಗೆಗೆ ತಲೆನೋವು ಶುರುವಾಗಿತ್ತು. ಆ ಬೆಳಿಗ್ಗೆ ಅವಳನ್ನು ಇಳಿಸಿಕೊಂಡು ಹೋಗಬೇಕಿತ್ತೋ ಬೇಡವೋ ಎಂಬುದು ಅವಳ ಉತ್ತರದ ಮೇಲೆ ನಿಂತಿತ್ತು. ಉತ್ತರವೋ, ನಾನು ಎಷ್ಟು ಸಲ ಕೇಳಿದೆ ಎಂಬುದರ ಮೇಲೆ ನಿಂತಿತ್ತು. ಯಾಕೆ ಹಾಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ದಾರಿ ಯಾವುದು, ಎಲ್ಲಿ ಉಳಿದಿರಿ, ಎಷ್ಟು ಬಿತ್ತು ಎಂದು ಕೇಳುವವರಿಗೆ ಇದರಲ್ಲಿ ಏನೂ ಸಿಗುವುದಿಲ್ಲ. ಅದೆಲ್ಲ ಯಾತ್ರೆ ಕರೆದೊಯ್ಯುವವರ ಕರಪತ್ರಗಳಲ್ಲಿ ಇರುತ್ತದೆ. ಕೆಲವನ್ನು ನಾನೇ ಅಚ್ಚು ಹಾಕಿದ್ದೇನೆ.

ಸಿರ್ಸಿ

ನಮ್ಮ ಸಿರ್ಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ‘ಬೇಗ’ ಎಂಬುದಕ್ಕೆ ಎಷ್ಟು ಅಳತೆಗಳಿವೆ ಎಂದು ತಿಳಿಯಬೇಕಾದರೆ ಪ್ರೆಸ್ಸಿನಲ್ಲಿ ಕೂರಬೇಕು. ನಾನು ಮೂವತ್ತು ವರ್ಷದಿಂದ ಕೂತಿದ್ದೇನೆ. ಮದುವೆ ಕಾಗದ, ರಸೀದಿ ಪುಸ್ತಕ, ವೈಕುಂಠ ಸಮಾರಾಧನೆಯ ಕಾರ್ಡು, ಇವು ನನ್ನ ಸಣ್ಣ ಪ್ರೆಸ್ಸಿನ ಅನ್ನ.

ಬನವಾಸಿ ಕಡೆಯ ಅನಾನಸ್ ಬೆಳೆಗಾರ ಬಂದು, “ಲಗೂನ ಮಾಡ್ರಿ ಅಕ್ಕಾರ, ಭಾಳ ಲಗೂ ಬೇಕಾಗೇತ್ರಿ” ಎನ್ನುತ್ತಾನೆ. ರಾತ್ರಿಯೊಳಗೆ ಮುಗಿಸಿ ಕಟ್ಟಿಟ್ಟರೆ ವಾರ ಬಿಟ್ಟು ಬರುತ್ತಾನೆ. ಪೇಟೆಯ ವ್ಯಾಪಾರಿ, “ಜಲ್ದಿ ಅಕ್ಕಾ, ಗಾಡಿ ಚಾಲೂ ಇಟ್ಟೇ ಬಂದೀನಿ” ಎನ್ನುತ್ತಾನೆ. ಅವನ ಜಲ್ದಿ ಎಂದರೆ ಎಂಜಿನ್ ಆರುವುದರೊಳಗೆ. ಸಿದ್ದಾಪುರ ಕಡೆಯವರದು ಇವೆರಡಕ್ಕಿಂತ ಬೇರೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಮಳೆಯ ಮಾತಾಡಿ, ಕೊಟ್ಟ ನೀರು ಕುಡಿದು, ಎದ್ದು ಹೊರಡುವಾಗ ಹೇಳುತ್ತಾರೆ: “ಗಡಿಬಿಡಿ ಎಂತೂ ಇಲ್ಲೆ. ನಿಂಗಕ್ಕೆ ಪುರಸೊತ್ತಾದಾಗ ಕೊಡಿ. ಆನು ಇಲ್ಲೇ ಬಸ್‌ಸ್ಟ್ಯಾಂಡಲ್ಲಿ ಕೂತಿರ್ತೆ.”

ಗಡಿಬಿಡಿ ಇಲ್ಲೆ ಎಂದವರದೇ ಎಲ್ಲಕ್ಕಿಂತ ತುರ್ತು. ಇದನ್ನು ಕಲಿಯಲು ನನಗೆ ಐದಾರು ವರ್ಷ ಹಿಡಿಯಿತು. ಹುಟ್ಟಿದ್ದು ಅದೇ ತಾಲೂಕಿನಲ್ಲಾದರೂ ಪೇಟೆಗೆ ಬಂದು ಬೇಗ ಮರೆತಿದ್ದೆ.

ಸರೋಜತ್ತಿಗೆ ನನ್ನ ಅಣ್ಣನ ಹೆಂಡತಿ. ತ್ಯಾಗಲಿಯ ನಮ್ಮ ಮನೆಗೆ ಬಂದಾಗ ಇಪ್ಪತ್ತೊಂದು, ಈಗ ಅರವತ್ತಾರು. ಆ ಮನೆಯ ದೇವರ ಪೆಟ್ಟಿಗೆಯಲ್ಲಿ ಒಂದು ಸಾಲಿಗ್ರಾಮ ಇದೆ, ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದು. ನಮ್ಮಲ್ಲಿ ಹೆಂಗಸರು ಅದನ್ನು ಮುಟ್ಟುವುದಿಲ್ಲ. ಅಣ್ಣ ಪೂಜೆ ಮಾಡುತ್ತಾನೆ, ಅತ್ತಿಗೆ ನೀರು ತರುತ್ತಾಳೆ, ಹೂ ಕೊಯ್ಯುತ್ತಾಳೆ. ಒಂದು ದಿನ ಪ್ರೆಸ್ಸಿಗೆ ಬಂದವಳು ಕಾಗದದ ರೀಮಿನ ಮೇಲೆ ಕೂತು ಹೇಳಿದಳು:

“ನಲವತ್ತೈದು ವರ್ಷ ಅದಕ್ಕೆ ನೀರು ಹೊತ್ತೆ ಮಾಲತಿ. ಅದು ಎಲ್ಲಿಂದ ಬಂತು ಹೇಳಿ ಒಂದ್ಸಲ ನೋಡ್ಕಂಡು ಬರವು. ಹೊಳೆಯಲ್ಲಿ ಬಿದ್ದಿದ್ದು ಆದ್ರೆ ಮುಟ್ಟಲಕ್ಕು, ಅಲ್ದಾ?”

“ಮುಟ್ಟಲಕ್ಕು. ಯಾವಾಗ ಹೋಪನ?”

“ಗಡಿಬಿಡಿ ಎಂತೂ ಇಲ್ಲೆ.”

ಮಾರನೇ ವಾರ ನೇಪಾಳಕ್ಕೆ ಟಿಕೇಟು ಮಾಡಿಸಿದೆ, ಸಾಲಿಗ್ರಾಮ ಸಿಗುವ ಗಂಡಕಿ ಹೊಳೆ ಇರುವುದು ಅಲ್ಲಿ. ಅಣ್ಣನಿಗೆ ಮಂಡಿ ನೋವು, ಬರಲಿಲ್ಲ. ದೀಪಾವಳಿ ಮುಗಿದಿತ್ತು, ತುಳಸಿ ಮದುವೆ ಆಗುತ್ತಿದ್ದಂತೆ ಮದುವೆ ಕಾಗದಗಳು ಬಂದು ಬೀಳುತ್ತವೆ. ನಡುವೆ ಸಿಗುವ ಒಂಬತ್ತು ದಿನದಲ್ಲಿ ಹೋಗಿ ಬರಬೇಕು. ಈ ಒಂಬತ್ತನ್ನು ನೆನಪಿಡಿ. ಅದು ನನ್ನ ಗಡಿಬಿಡಿ, ಅತ್ತಿಗೆಯದಲ್ಲ.

ಯಲ್ಲಾಪುರ

ಹುಬ್ಬಳ್ಳಿಯ ವಿಮಾನಕ್ಕೆ ನಮ್ಮನ್ನು ಬಿಟ್ಟವನು ರಫೀಕ್. ಯಲ್ಲಾಪುರದವನು, ಹುಬ್ಬಳ್ಳಿಯಿಂದ ನನ್ನ ಪ್ರೆಸ್ಸಿಗೆ ಕಾಗದ ತಂದುಹಾಕುವವನು. ಮೊದಲು ಅರೆಬೈಲು ಘಟ್ಟದಲ್ಲಿ ಲಾರಿ ಓಡಿಸುತ್ತಿದ್ದ. ಮಂಚಿಕೇರಿ ದಾಟುವಾಗಲೇ ನಾನು ಮೂರು ಸಲ ಗಡಿಯಾರ ನೋಡಿದ್ದೆ.

“ರಫೀಕ್, ಸ್ವಲ್ಪ ಜಲ್ದಿ.”

“ಜಲ್ದಿನೇ ಹೋಗ್ತಿದೀನಿ ಅಕ್ಕಾ. ಜೋರಾಗಿ ಹೋಗ್ತಿಲ್ಲ, ಅಷ್ಟೆ. ಅರೆಬೈಲಲ್ಲಿ ಲೋಡ್ ಗಾಡಿ ಜೋರಾಗಿ ಇಳಿಸಿದವ ಅದ್ರ ಕಥೆ ಹೇಳ್ಲಿಕ್ಕೆ ಚಾ ಅಂಗಡಿಗೆ ಬರ್ಲಿಲ್ಲ.”

ಯಲ್ಲಾಪುರ ಪೇಟೆಯಲ್ಲಿ ಅವನು ಕನ್ನಡಿಯಲ್ಲಿ ಅತ್ತಿಗೆಯನ್ನು ನೋಡಿ, “ಅಮ್ಮಾ, ನಮ್ಮನೇಲಿ ಐದು ನಿಮಿಷ ನಿಲ್ಸ್ಲಾ? ಕೈಕಾಲು ತೊಳ್ಕಳಿ” ಎಂದ.

“ಬೇಡ ಬೇಡ. ಎಂತಕ್ಕೆ.”

“ನಮ್ಮನೇವ್ಳು ನೋಡ್ಬೇಕು ಅಂತಿದ್ಲು ನಿಮ್ಮನ್ನ.”

“ಬೇಡ ತಮ್ಮಾ, ತಡ ಆಗ್ತು.”

ಅವನು ಗಾಡಿಯನ್ನು ಸೀದಾ ತನ್ನ ಮನೆಯ ಮುಂದೆ ತಂದು ನಿಲ್ಲಿಸಿದ. ಅತ್ತಿಗೆ ನನ್ನ ಮುಖ ನೋಡದೆ ಇಳಿದು ಒಳಗೆ ಹೋದಳು. ಸಿರ್ಸಿ ಬಿಟ್ಟಾಗಿನಿಂದಲೂ ಅವಳಿಗೆ ಬಚ್ಚಲಿಗೆ ಹೋಗುವ ಅವಸರವಾಗಿತ್ತು ಎಂದು ಆಗ ನನಗೆ ತಿಳಿಯಿತು.

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲವೂ ಇದರ ಮೇಲೆಯೇ ನಿಂತಿದೆ. ನಮ್ಮ ಮನೆಗಳಲ್ಲಿ ಊಟಕ್ಕೆ ಕೂತವರು ಮೊದಲ ಸಲ ಕೇಳಿದಾಗ ಬೇಡ ಎನ್ನಬೇಕು. ಅಂಗೈಯನ್ನು ಬಾಳೆ ಎಲೆಗೆ ಅಡ್ಡ ಹಿಡಿಯಬೇಕು. ಎರಡನೇ ಸಲವೂ ಬೇಡ, ಆದರೆ ಕೈ ಸ್ವಲ್ಪ ಮೇಲೆ. ಮೂರನೇ ಸಲ ಬೆರಳುಗಳ ನಡುವೆ ಸಂದಿ ಬಿಡುತ್ತದೆ. ಬಡಿಸುವವಳು ನೋಡುವುದು ಮುಖವನ್ನಲ್ಲ, ಆ ಸಂದಿಯನ್ನು. ಸಂದಿ ಕಂಡರೆ ಹೋಳಿಗೆ ಬೀಳುತ್ತದೆ. ಬೆರಳು ಬಿಗಿಯಾಗಿಯೇ ಇದ್ದರೆ ಮಾತ್ರ ಬೇಡ ಎಂದು ಅರ್ಥ. ಇದಕ್ಕೆ ಒತ್ತಾಯ ಎನ್ನುತ್ತೇವೆ. ಹೊರಗಿನವರು ನಾಟಕ ಎನ್ನಬಹುದು. ಆದರೆ ಅತ್ತಿಗೆಯಂಥವರಿಗೆ ಊಟದಲ್ಲಿ ಮಾತ್ರವಲ್ಲ, ಔಷಧಿ, ಸೀರೆ, ಕೂರುವ ಜಾಗ ಎಲ್ಲದರಲ್ಲೂ ಮೊದಲ ಬೇಡ ಎಂದರೆ ಇನ್ನೊಮ್ಮೆ ಕೇಳು ಎಂದಷ್ಟೇ. ನಲವತ್ತೈದು ವರ್ಷ ಬಡಿಸಿ, ಒತ್ತಾಯ ಮಾಡಿ, ಮಾಡಿಸಿಕೊಂಡು ಬದುಕಿದವಳು.

ರಫೀಕನಿಗೆ ಇದು ಗೊತ್ತಿತ್ತು. ನನಗೂ ಗೊತ್ತಿತ್ತು ಎಂದೇ ಅಂದುಕೊಂಡಿದ್ದೆ.

ಕಠ್ಮಂಡು

ಮೊದಲ ಅಚಾತುರ್ಯ ಕೊಬ್ಬರಿ ಎಣ್ಣೆಯದು. ಬೆಳಿಗ್ಗೆ ಅತ್ತಿಗೆ ಬಾಟಲಿ ಬೋರಲು ಹಿಡಿದು ಕೂತಿದ್ದಳು, ಎಣ್ಣೆ ಕಲ್ಲಾಗಿತ್ತು. ಬಿಸಿನೀರು ಕೇಳಲು ಹೋದರೆ ಹೊಟೇಲಿನ ಮೇಜಿನ ಹಿಂದಿದ್ದ ಹೆಂಗಸು ನಕ್ಕು, “ಏಕ್ ಛಿನ್, ದಿದಿ” ಎಂದಳು. ಒಂದು ಕ್ಷಣ. ಆ ಕ್ಷಣ ಮುಗಿಯುವಷ್ಟರಲ್ಲಿ ಅತ್ತಿಗೆ ಬಾಟಲಿಯನ್ನು ಕಂಕುಳಲ್ಲಿಟ್ಟುಕೊಂಡು ಕರಗಿಸಿ, ತಲೆ ಬಾಚಿ, ಜಡೆ ಹಾಕಿ ಮುಗಿಸಿದ್ದಳು. ನಮ್ಮ ‘ಈಗ ಬಂದೆ’ಯ ಅಣ್ಣನೋ ತಮ್ಮನೋ ಇರಬೇಕು ಈ ಛಿನ್.

ರಸ್ತೆ ದಾಟುವುದು ಎರಡನೆಯದು. ಸಿರ್ಸಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತೇ ಇರುತ್ತದೆ, ಜನ ಓಡುತ್ತಾರೆ. ಇಲ್ಲಿ ಬೈಕುಗಳು ಜೇನುಹುಳದ ಹಾಗೆ ನುಗ್ಗಿ ಬರುತ್ತವೆ, ಅವುಗಳ ನಡುವೆ ಜನ ದೇವಸ್ಥಾನ ಸುತ್ತುವಂತೆ ನಡೆಯುತ್ತಾರೆ. ನಾನು ಓಡಿದೆ. ಓಡಿದ್ದರಿಂದಲೇ ಒಬ್ಬ ಬೈಕಿನವನು ತಡಬಡಾಯಿಸಿ ನನ್ನ ಚೀಲಕ್ಕೆ ತಾಗಿಸಿದ. ಅತ್ತಿಗೆ ನಿಧಾನ ನಡೆದು ಬಂದು ಆಚೆ ತಲುಪಿ, “ನೀ ಮೊದಲಿಂದನೂ ಹಿಂಗೇಯ” ಎಂದಳು.

ಮೂರನೆಯದು ಊಟ. ಬಡಿಸುತ್ತಿದ್ದ ಹೆಂಗಸು ಅನ್ನದ ಪಾತ್ರೆ ಹಿಡಿದು ಬಂದಳು. ಅತ್ತಿಗೆ ತಟ್ಟೆಗೆ ಕೈ ಅಡ್ಡ ಹಿಡಿದಳು. ಹೆಂಗಸು ತಲೆಯಾಡಿಸಿ ಮುಂದಿನ ಮೇಜಿಗೆ ಹೋದಳು. ಅತ್ತಿಗೆ ಕೈಯನ್ನು ಹಾಗೇ ಹಿಡಿದುಕೊಂಡು ಕಾದಳು. ಪಾತ್ರೆ ಮರಳಿ ಬರಲಿಲ್ಲ.

“ಈ ಊರವಕ್ಕೆ ಒತ್ತಾಯ ಮಾಡಲೆ ಬತ್ತಿಲ್ಲೆ,” ಎಂದಳು, ದಾಲಿನಲ್ಲಿ ಬೆರಳಾಡಿಸುತ್ತ.

“ಬೇಕು ಹೇಳಿ ಮೊದಲೇ ಹೇಳ್ಬಿಡೆ ಅತ್ತಿಗೆ.”

“ಥೋ, ನಾಚಿಕೆ.”

ನಾನು ಹೊಟ್ಟೆ ತುಂಬ ನಕ್ಕೆ. ಇದನ್ನು ಊರಿಗೆ ಹೋಗಿ ಹೇಳಬೇಕು ಎಂದುಕೊಂಡೆ. ಹೇಳಿಲ್ಲ, ಇದೇ ಮೊದಲು.

ಪೋಖರಾ ಬಿಟ್ಟಮೇಲೆ

ಜೀಪಿನ ಬಿಷ್ಣು ನಲವತ್ತರ ಆಸುಪಾಸಿನವನು. ನನ್ನ ಜೊತೆ ಹಿಂದಿ, ತನ್ನ ಜೊತೆ ನೇಪಾಳಿ. ಅತ್ತಿಗೆಯನ್ನು ಆಮಾ ಎಂದು ಕರೆಯುತ್ತಿದ್ದ. ಅವರ ಮಾತಿನಲ್ಲಿ ತಾಯಿ. ಅವನ ಬಾಯಲ್ಲಿ ಎರಡು ಪದ ಸದಾ ಇರುತ್ತಿದ್ದವು. ಛಿಟೋ ಎಂದರೆ ಬೇಗ, ಬಿಸ್ತಾರೈ ಎಂದರೆ ನಿಧಾನ. ಎರಡನೆಯದು ನನ್ನ ಕಿವಿಗೆ ವಿಸ್ತಾರ ಎಂದು ಕೇಳಿಸುತ್ತಿತ್ತು, ನಿಧಾನವೆಂದರೆ ಅಗಲವಾಗಿ ಹೋಗುವುದು ಎನ್ನುವ ಹಾಗೆ. ಸಂಬಂಧ ಇದೆಯೋ ಇಲ್ಲವೋ ವಿಚಾರಿಸಿಲ್ಲ.

ಮಧ್ಯಾಹ್ನ ಜೋಮ್‌ಸೋಮ್ ಎಂಬ ಊರಿನ ಹತ್ತಿರ ಅವನು ಜೀಪು ನಿಧಾನಿಸಿ, ಇವತ್ತು ಇಲ್ಲೇ ಉಳಿಯೋಣ ಎಂದ. ಆಮಾಗೆ ವಯಸ್ಸಾಗಿದೆ, ಒಂದೇ ದಿನದಲ್ಲಿ ಇಷ್ಟು ಮೇಲೆ ಹತ್ತಬಾರದು, ಬಿಸ್ತಾರೈ ಹೋಗೋಣ.

ನಾನು ಬೆರಳಲ್ಲಿ ದಿನ ಎಣಿಸಿದೆ. ಇಲ್ಲೊಂದು ದಿನ ನಿಂತರೆ ದಿಲ್ಲಿಯ ವಿಮಾನ, ಹುಬ್ಬಳ್ಳಿಯ ವಿಮಾನ, ಪ್ರೆಸ್ಸಿನಲ್ಲಿ ಕಾಯುವ ಕಾಗದ. ಬೇಡ, ಹೋಗೋಣ ಎಂದೆ. ಅವನು ಒಂದೇ ಸಲ ಕೇಳಿದ, ನಾನು ಒಂದೇ ಸಲ ಬೇಡ ಎಂದೆ, ಅಲ್ಲಿಗೆ ಮುಗಿಯಿತು. ಎಷ್ಟು ಸಲೀಸು ಎನಿಸಿತು ಆಗ. ಅತ್ತಿಗೆಯನ್ನು ಕೇಳಿದೆನೇ? ಕೇಳಿದ ನೆನಪಿಲ್ಲ. ಕೇಳಿದ್ದರೂ ಅವಳು ಏನು ಹೇಳುತ್ತಿದ್ದಳು ಎಂದು ನಿಮಗೆ ಈಗ ಗೊತ್ತು.

ಕಾಗ್‌ಬೇನಿ

ಇಲ್ಲಿ ಹೊಳೆ ಇದೆ. ಕಾಳಿ ಗಂಡಕಿ, ಅಗಲ ಪಾತ್ರದಲ್ಲಿ ಬೂದಿ ಬಣ್ಣದ ನೀರು, ಕಪ್ಪು ಮರಳು. ಮಧ್ಯಾಹ್ನದ ಮೇಲೆ ಬೀಸುವ ಗಾಳಿ ಎಷ್ಟು ಬಿರುಸೆಂದರೆ ಅತ್ತಿಗೆಯ ಸೀರೆಯ ಸೆರಗು ಅವಳಿಗಿಂತ ಒಂದು ಹೆಜ್ಜೆ ಮುಂದೆ ಇರುತ್ತಿತ್ತು. ದಡದಲ್ಲಿ ಹೆಂಗಸರು ಸಾಲಿಗ್ರಾಮ ಹರಡಿಕೊಂಡು ಕೂತಿದ್ದರು. ಅತ್ತಿಗೆ ಅವರ ಕಡೆ ನೋಡಲಿಲ್ಲ. ನೀರಿನ ಅಂಚಿಗೆ ಹೋಗಿ ಬಗ್ಗಿದಳು.

ಎಷ್ಟೋ ಹೊತ್ತು ಹುಡುಕಿದಳು. ಆಮೇಲೆ ಒಂದು ಕಪ್ಪು ಕಲ್ಲು ಎತ್ತಿ ಅಂಗೈ ಮಧ್ಯೆ ಇಟ್ಟುಕೊಂಡು ಬೆರಳು ಮಡಚಿದಳು. ಸುರುಳಿಯ ಗುರುತು ಇತ್ತು ಅದರಲ್ಲಿ.

“ಥಂಡಿ ಇದ್ದು,” ಎಂದಳು.

“ಇಟ್ಕ. ಊರಿಗೆ ತಗಂಡು ಹೋಪನ.”

“ಇಟ್ಕಂಡ್ರೆ ದಿನಾ ಪೂಜೆ ಆಗವು. ಇದಕ್ಕೆ ಯಾರು ಮಾಡ್ತ? ನಂಗಂತೂ ಬಿಡ್ತ್ವಿಲ್ಲೆ.” ಎಂದಳು. ಎಸೆಯಲಿಲ್ಲ, ಬಗ್ಗಿ ನೀರಿನೊಳಗೆ ಕೈ ಇಳಿಸಿ ಬಿಟ್ಟಳು.

ಚಿತ್ರ ತೆಗೆಯಲಿಲ್ಲ. ಮರಳು ಹಾರುತ್ತಿತ್ತೆಂದು ಫೋನನ್ನು ಒಳಗಿಟ್ಟಿದ್ದೆ. ಹಾಗಾಗಿ ಇದಕ್ಕೆ ಪುರಾವೆ ಇಲ್ಲ. ಈ ಪ್ರವಾಸದಲ್ಲಿ ನನಗೆ ಪೂರ್ತಿ ನಂಬಿಕೆ ಇರುವ ನೆನಪು ಇದೊಂದೇ. ಅದಕ್ಕೇ ಇದರ ಮೇಲೂ ಅನುಮಾನ.

ಮುಕ್ತಿನಾಥ

ಮರುದಿನ ಬೆಳಿಗ್ಗೆ ದೇವಸ್ಥಾನದ ಕೆಳಗಿನ ಪೇಟೆಯ ಚಹಾದಂಗಡಿ. ನೀಲಿ ಕಂಬಳಿ. ಬಿಷ್ಣು ಜೀಪಿನ ಚಕ್ರ ನೋಡಲು ಹೋಗಿದ್ದ. ಅತ್ತಿಗೆ ರಾತ್ರಿ ಸರಿಯಾಗಿ ಮಲಗಿರಲಿಲ್ಲ, ಬೆಳಿಗ್ಗೆ ಏನೂ ತಿಂದಿರಲಿಲ್ಲ. ಕಣ್ಣಿನ ಸುತ್ತ ಊದಿಕೊಂಡಂತೆ ಇತ್ತು.

“ತಲೆನೋವು ಜಾಸ್ತಿ ಇದ್ರೆ ಕೆಳಗೆ ಹೋಪನ ಅತ್ತಿಗೆ?”

“ಬೇಡ. ಎಂತೂ ಇಲ್ಲೆ. ನೀ ಹೋಗಿ ದರ್ಶನ ಮಾಡ್ಕಂಡು ಬಾ. ಆನು ಆಮೇಲೆ ಬತ್ತೆ.”

ಅಂಗಡಿಯ ಹೆಂಗಸು ಚಹಾ ಸುರಿಯಲು ಬಂದಳು. ಅತ್ತಿಗೆ ಲೋಟಕ್ಕೆ ಕೈ ಅಡ್ಡ ಹಿಡಿದಳು.

ಇಲ್ಲಿ ನಾನು ಇನ್ನೊಮ್ಮೆ ಕೇಳಿದೆ. ಅಥವಾ ಇನ್ನೊಮ್ಮೆ ಕೇಳಬೇಕು ಎಂದುಕೊಂಡೆ. ‘ಖರೇ ಬೇಡದಾ?’ ಎಂಬ ಮಾತು ನನ್ನ ದನಿಯಲ್ಲೇ ಕಿವಿಯಲ್ಲಿದೆ. ಆದರೆ ಅದಕ್ಕೆ ಅವಳು ಕೊಟ್ಟ ಉತ್ತರ ಕಿವಿಯಲ್ಲಿಲ್ಲ. ಉತ್ತರವಿಲ್ಲದ ಪ್ರಶ್ನೆಯನ್ನು ಕೇಳಿದ್ದು ಎಂದು ಲೆಕ್ಕ ಹಿಡಿಯಬಹುದೇ?

ನಿಜ ಹೇಳುವುದಾದರೆ ಆ ಮೊದಲ ಬೇಡ ನನಗೆ ಬೇಕಾಗಿತ್ತು. ಎದುರಿಗೆ ಹಿಮದ ಬೆಟ್ಟ ಬಿಸಿಲಿಗೆ ಹೊಳೆಯುತ್ತಿತ್ತು. ಮೇಲೆ ನೂರೆಂಟು ಧಾರೆಗಳಿವೆ, ಅವುಗಳ ಕೆಳಗೆ ಓಡಬೇಕು ಎಂದು ಎಲ್ಲರೂ ಹೇಳಿದ್ದರು. ಇಷ್ಟು ದೂರ ಬಂದು ಹಾಗೇ ಇಳಿದು ಹೋಗುವುದೇ? “ಈಗ ಬಂದೆ,” ಎಂದು ಎದ್ದೆ.

ಧಾರೆಗಳ ಕೆಳಗೆ ಎಲ್ಲರೂ ಓಡುತ್ತಾರೆ. ನೀರು ಅಷ್ಟು ತಣ್ಣಗೆ. ನಡೆದರೆ ಆಗುವುದಿಲ್ಲ. ನಾನೂ ಓಡಿದೆ, ನೆತ್ತಿ ಮರಗಟ್ಟಿ, ಉಸಿರು ಸಿಕ್ಕಿಕೊಂಡು, ಎಲ್ಲರ ಜೊತೆ ನಗುತ್ತ. ಐವತ್ತೆರಡನೇ ವಯಸ್ಸಿನಲ್ಲಿ ಹಾಗೆ ಓಡಿದ್ದು ಅದೇ. ಆಮೇಲೆ ಬಟ್ಟೆ ಬದಲಾಯಿಸಿ, ದೇವರ ಮುಂದೆ ನಿಂತು, ಗಂಟೆ ಬಾರಿಸಿ, ಚಿತ್ರ ತೆಗೆದು ಇಳಿದು ಬಂದೆ. ಅರ್ಧ ಗಂಟೆ ಆಗಿತ್ತು ಎಂದು ಅಣ್ಣನಿಗೆ ಹೇಳಿದ್ದೇನೆ. ಅರ್ಧ ಗಂಟೆ ಎಂದೇ ನನಗೆ ಅನ್ನಿಸಿದ್ದು. ಫೋನಿನ ಚಿತ್ರಗಳ ಕೆಳಗಿನ ಸಮಯ ನೋಡಿದರೆ ಒಂದು ಗಂಟೆ ಐವತ್ತು ನಿಮಿಷ.

ಅತ್ತಿಗೆ ಅದೇ ಬೆಂಚಿನ ಮೇಲೆ ಇದ್ದಳು. ಆ ಚಳಿಯಲ್ಲಿ ಸ್ವೆಟರಿನ ಒಂದು ತೋಳು ತೆಗೆದಿದ್ದಳು. ತುಟಿಯ ಬಣ್ಣ ನೇರಳೆ ಹಣ್ಣು ತಿಂದವರ ಹಾಗೆ. ನನ್ನನ್ನು ನೋಡಿ ಮೆಲ್ಲಗೆ ಹೇಳಿದಳು:

“ಒಲೆ ಮೇಲೆ ಹಾಲು ಇಟ್ಟಿಕ್ಕೆ ಬಂದೆ. ನೋಡೆ, ಉಕ್ತು.”

ಎದ್ದು ನಿಲ್ಲಲು ಹೋದವಳು ಪಕ್ಕಕ್ಕೆ ವಾಲಿದಳು. ಅಂಗಡಿಯ ಹೆಂಗಸು ಓಡಿ ಬಂದು ಹಿಡಿದಳು. ಯಾರನ್ನಾದರೂ ಕರೆಯಲೇ ಎಂದು ತಾನು ಕೇಳಿದ್ದಾಗಿ, ಅತ್ತಿಗೆ ಬೇಡ ಎಂದು ತಲೆಯಾಡಿಸಿದ್ದಾಗಿ ಹಿಂದಿಯಲ್ಲಿ ಹೇಳಿದಳು. ಅವಳ ದನಿಯಲ್ಲಿ ತಪ್ಪಿತಸ್ಥಭಾವ ಇರಲಿಲ್ಲ, ಯಾಕಿರಬೇಕು? ಬೇಡ ಎಂದರೆ ಬೇಡ ತಾನೆ.

ಇಳಿಜಾರು

ಬಿಷ್ಣು ಬಂದು ಒಮ್ಮೆ ನೋಡಿದ. ಈ ಸಲ ಏನನ್ನೂ ಕೇಳಲಿಲ್ಲ. ಅತ್ತಿಗೆಯನ್ನು ಕಂಬಳಿಯ ಸಮೇತ ಎತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ, “ಛಿಟೋ, ದಿದಿ” ಎಂದ, ಅಷ್ಟೇ.

ನನ್ನ ಕೈಕಾಲು ಓಡಲಿಲ್ಲ. ಇದನ್ನು ಬರೆದ ಮೇಲೆ ಈ ಮಾತನ್ನೇ ನೋಡುತ್ತ ಕೂತೆ. ಕಾಲು ಓಡುವುದು ಸರಿ, ಕೈ ಎಲ್ಲಿಗೆ ಓಡುತ್ತದೆ? ಆದರೆ ಗಾಬರಿಯಾದಾಗ ನಾವು ಹೇಳುವುದು ಹಾಗೆಯೇ. ಕೈ ಓಡುವುದಿಲ್ಲ, ತಲೆ ಓಡುವುದಿಲ್ಲ. ಪ್ರೆಸ್ಸು ಓಡುತ್ತದೆ, ಊರಿಗೆ ಬಂದ ಸಿನಿಮಾ ಓಡುತ್ತದೆ, ಯಾರದೋ ಮನೆಯ ಹುಡುಗಿ ಯಾರ ಜೊತೆಗೋ ಓಡಿಹೋಗುತ್ತಾಳೆ. ವಯಸ್ಸಾದವರನ್ನು ಕಂಡರೆ ಓಡಾಟ ಹೇಗಿದೆ ಎಂದು ವಿಚಾರಿಸುತ್ತೇವೆ. ಮೆಲ್ಲಗೆ ಬಚ್ಚಲಿಗೆ ಹೋಗಿ ಬರುವುದಕ್ಕೂ ಅದೇ ಪದ. ಇಷ್ಟೆಲ್ಲ ಓಡುವ ಭಾಷೆಯವಳು ಜೀಪಿನ ಸರಳು ಹಿಡಿದು, ಅತ್ತಿಗೆಯ ತಲೆ ತೊಡೆಯ ಮೇಲಿಟ್ಟುಕೊಂಡು, ಸ್ವೆಟರಿನ ತೋಳು ಹಾಕಿಸಲಾಗದೆ ಕೂತಿದ್ದೆ.

ಪತ್ರಿಕೆಗಳಲ್ಲಿ ಇಂಥ ಕಡೆ ‘ಆಸ್ಪತ್ರೆಗೆ ಧಾವಿಸಿದರು’ ಎಂದು ಬರೆಯುತ್ತಾರೆ. ಮೂವತ್ತು ವರ್ಷದ ಕರಡು ತಿದ್ದುವಿಕೆಯಲ್ಲಿ ಆ ಪದವನ್ನು ಎಷ್ಟು ಸಲ ದಾಟಿದ್ದೇನೋ. ಸಿರ್ಸಿಯಲ್ಲಾಗಲಿ ಯಲ್ಲಾಪುರದಲ್ಲಾಗಲಿ ಬದುಕಿರುವ ಯಾರೂ ಧಾವಿಸಿದ್ದನ್ನು ನಾನು ಕಂಡಿಲ್ಲ. ನಾವೂ ಧಾವಿಸಲಿಲ್ಲ. ಜೀಪು ಗುಂಡಿಗೆ ಬಿತ್ತು, ಎದ್ದಿತು. ಒಂದು ತಿರುವಿನಲ್ಲಿ ಚಕ್ರದ ಕೆಳಗಿಂದ ಕಲ್ಲು ಜಾರಿ ಕಣಿವೆಗೆ ಹೋದ ಸದ್ದು ಬಹಳ ಹೊತ್ತು ಕೇಳಿಸಿತು. ನನ್ನ ಬಾಯಿಂದ “ಬಿಸ್ತಾರೈ, ಬಿಸ್ತಾರೈ” ಎಂದು ಬರುತ್ತಿತ್ತು. ಬಿಷ್ಣು ತಿರುಗಿ ನೋಡಲಿಲ್ಲ. ಹಿಂದಿನ ದಿನ ಆ ಪದ ಅವನದಾಗಿತ್ತು, ನಾನು ಬೇಡ ಎಂದಿದ್ದೆ.

ಜೋಮ್‌ಸೋಮ್‌ನ ಚಿಕ್ಕ ಚಿಕಿತ್ಸಾಲಯದಲ್ಲಿ ವಯಸ್ಸಿನಲ್ಲಿ ಚಿಕ್ಕವಳಾದ ಒಬ್ಬ ಡಾಕ್ಟರ್ ಇದ್ದಳು. ಆಕ್ಸಿಜನ್ ಹಾಕಿದಳು, ಚುಚ್ಚುಮದ್ದು ಕೊಟ್ಟಳು. ಎತ್ತರಕ್ಕೆ ಬೇಗ ಏರಿದ್ದರಿಂದ ಮಿದುಳಿಗೆ ನೀರು ತುಂಬಿದೆ ಎಂದಳು. ಹೀಗೆ ಆಗಿ ಎಷ್ಟು ಹೊತ್ತಾಯಿತು ಎಂದು ಕೇಳಿದಳು.

“ಅರ್ಧ ಗಂಟೆ,” ಎಂದೆ.

ಅವಳು ನನ್ನನ್ನು ನೋಡಿದಳು, ಬರೆದುಕೊಂಡಳು. ಇಲ್ಲಿ ನಿಲ್ಲಿಸಬೇಡಿ, ಇನ್ನೂ ಕೆಳಗೆ ಹೋಗಿ, ಕೆಳಗೆ ಹೋಗುವುದೇ ಔಷಧಿ ಎಂದು ಸಿಲಿಂಡರನ್ನೂ ಜೀಪಿಗೆ ಹಾಕಿಸಿದಳು.

ಬೆಟ್ಟಗಳು ಮೆಲ್ಲಗೆ ಹಸುರಾದವು. ಗಾಳಿ ದಪ್ಪವಾಯಿತು. ಅತ್ತಿಗೆಯ ಉಸಿರನ್ನು ಎಣಿಸುತ್ತಿದ್ದೆ, ಎಣಿಕೆ ತಪ್ಪುತ್ತಿತ್ತು, ಮತ್ತೆ ಒಂದರಿಂದ ಶುರು. ಕಿತ್ತಳೆ ಗಿಡಗಳಿದ್ದ ತಾತೋಪಾನಿ ಎಂಬ ಊರು ಬಂದಾಗ ಅವಳು ಕಣ್ಣು ಬಿಟ್ಟು ಜೀಪಿನ ಚಾವಣಿ ನೋಡಿ ಹೇಳಿದಳು:

“ಆಸರಿಗೆ ಎಂತಾದ್ರೂ ಇದ್ದಾ?”

ಬಾಯಾರಿಕೆಗೆ ಏನಾದರೂ ಇದೆಯೇ ಎಂದು. ಮನೆಗೆ ಬಂದವರನ್ನು ನಾವು ಕೇಳುವ ಮಾತು ಅದು, ನಾವಾಗಿ ಬೇಡುವ ಮಾತಲ್ಲ. ನಲವತ್ತೈದು ವರ್ಷದಲ್ಲಿ ಅವಳು ಯಾರೂ ಕೇಳದೆ ತಾನಾಗಿ ತಿನ್ನಲು ಕುಡಿಯಲು ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬಿಷ್ಣು ಜೀಪು ನಿಲ್ಲಿಸಿ ಬಿಸಿನೀರು ತಂದ. ಅವಳು ಲೋಟಕ್ಕೆ ಎರಡೂ ಕೈ ಸುತ್ತಿ ಹಿಡಿದು ಕುಡಿದಳು. ನಾನು ಜೀಪಿನ ಹಿಂದೆ ಹೋಗಿ ನಿಂತುಕೊಂಡೆ.

ಪೋಖರಾ, ಇನ್ನೊಮ್ಮೆ

ಆಸ್ಪತ್ರೆಯಲ್ಲಿ ಎರಡು ದಿನ. ದಿಲ್ಲಿಯ ವಿಮಾನ ತಪ್ಪಿತು, ಹುಬ್ಬಳ್ಳಿಯದೂ ತಪ್ಪಿತು. ಪ್ರೆಸ್ಸಿನಿಂದ ಬಂದ ಕರೆಗಳನ್ನು ಎತ್ತಲಿಲ್ಲ. ಅತ್ತಿಗೆ ಎದ್ದು ಕೂತಳು, ಗಂಜಿ ಕುಡಿದಳು, ನರ್ಸಿಗೆ ತನ್ನ ಜಡೆ ಹೆಣೆಯಲು ಕಲಿಸಿದಳು. ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು. ಹತ್ತುವಾಗಿನ ಜೋಮ್‌ಸೋಮ್‌ನಿಂದ ಆಸ್ಪತ್ರೆಯ ಹಾಸಿಗೆಯವರೆಗೆ ಅವಳಿಗೆ ಏನೂ ಇಲ್ಲ. ಹೊಳೆ ಇಲ್ಲ, ಕಲ್ಲು ಇಲ್ಲ, ಬೆಂಚು ಇಲ್ಲ.

“ಆನು ಮುಟ್ಟಿದ್ನಾ ಮಾಲತಿ?”

“ನೀ ಮುಟ್ಟಿದ್ದೆ. ಥಂಡಿ ಇದ್ದು ಹೇಳಿದ್ದೆ. ಮತ್ತೆ ನೀರಿಗೇ ಬಿಟ್ಟೆ.”

“ಹೌದಾ.” ಅಂಗೈ ಬಿಚ್ಚಿ ನೋಡಿಕೊಂಡಳು. “ನಿಂಗಕ್ಕೆಲ್ಲ ಎಷ್ಟು ತೊಂದರೆ ಕೊಟ್ಟೆ ನೋಡು. ಕೆಳಗೆ ಹೋಪನ ಹೇಳಿ ನೀ ಕೇಳಿದ್ರೆ ಆನು ಬತ್ತಿದ್ನಪ. ಕೇಳಿದ್ಯನೆ?”

“ಮೂರು ಸಲ ಕೇಳಿದ್ದೆ ಅತ್ತಿಗೆ. ಮೂರು ಸಲನೂ ನೀನು ಬೇಡ ಹೇಳಿದ್ದೆ.”

ಈ ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ಬೇಗ ಆದದ್ದು ಇದು. ಯೋಚಿಸಲು ಒಂದು ಛಿನ್ ಕೂಡ ಬೇಕಾಗಲಿಲ್ಲ.

“ಹಂಗಾರೆ ನಂದೇ ಹಠ,” ಎಂದಳು ಅವಳು. ತನ್ನದೇ ತಪ್ಪು ಎಂದು.

ಕಲಘಟಗಿ ದಾಟಿ

ರಫೀಕ್ ಅತ್ತಿಗೆಯನ್ನು ನೋಡಿದವನೇ ಏನನ್ನೂ ಕೇಳದೆ ಮುಂದಿನ ಸೀಟನ್ನು ಹಿಂದಕ್ಕೆ ಬಾಗಿಸಿದ. ಕಲಘಟಗಿ ದಾಟಿದ ಮೇಲೆ ಗಾಡಿ ನಿಲ್ಲಿಸಿ, “ಅಮ್ಮಾ, ಚಾ?” ಎಂದ. ಉತ್ತರಕ್ಕೆ ಕಾಯದೆ ಮೂರು ಲೋಟ ತಂದ.

“ಕೇಳ್ಲೇ ಇಲ್ವಲ್ಲೋ ಸರಿಯಾಗಿ,” ಎಂದೆ.

“ನಿಮ್ಮೂರ ಅಮ್ಮಂದ್ರಿಗೆ ಕೇಳ್ತಾ ಕೂತ್ರೆ ಚಾ ಆರ್ತದೆ ಅಕ್ಕಾ. ತಂದ್ಬಿಡೋದು. ಬೇಡಾದ್ರೆ ನಾನೇ ಕುಡೀತೀನಿ.”

ಅತ್ತಿಗೆ ನಗುತ್ತ ಲೋಟ ತೆಗೆದುಕೊಂಡಳು. ನಾನು ಕಿಟಕಿಯ ಆಚೆ ನೋಡಿದೆ. ಅಷ್ಟು ಸುಲಭವಿತ್ತು ಅದು. ಕೇಳದೆ ಜೀಪಿಗೆ ಹತ್ತಿಸಿದ್ದರೆ ಆಗುತ್ತಿತ್ತು.

ತ್ಯಾಗಲಿ

ಹೋದ ತಿಂಗಳು ಅಣ್ಣನ ಮನೆಯಲ್ಲಿ ಊಟವಿತ್ತು. ಬಡಿಸುವ ಹೆಂಗಸು ಹೋಳಿಗೆ ಹಿಡಿದು ಬಂದಳು. “ಹಾಕ್ಲಾ ಸರೋಜಕ್ಕ?” ಎಂದು ಮೊದಲ ಸಲ ಕೇಳುವುದರೊಳಗೆ ಅತ್ತಿಗೆ, “ಹಾಕು” ಎಂದಳು. ಕೈ ಅಡ್ಡ ಬರಲಿಲ್ಲ. ಬಡಿಸುವವಳ ಕೈ ಅರೆಗಳಿಗೆ ಗಾಳಿಯಲ್ಲೇ ನಿಂತಿತು. ಪಂಕ್ತಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ನೇಪಾಳಕ್ಕೆ ಹೋಗಿ ಬಂದ ಮೇಲೆ ಸರೋಜಕ್ಕಂಗೆ ಹಸಿವೆ ಜೋರಾಜು.”

“ಹಸಿವೆ ಅಲ್ದೇ,” ಎಂದಳು ಅತ್ತಿಗೆ, ಪಂಕ್ತಿಗೆಲ್ಲ ಕೇಳುವಂತೆ. “ಮಾಲತಿ ಮೂರು ಸಲ ಕೇಳಿತ್ತಡ ಅಲ್ಲಿ. ಆನೇ ಬೇಡ ಬೇಡ ಹೇಳಿ ಸಾಯಲೆ ಕೂತಿದ್ನಡ. ಕೇಳಿದ ಕೂಡ್ಲೆ ಹೌದು ಹೇಳವು. ಹಠ ಮಾಡಲಾಗ.”

ಎಲ್ಲರೂ ನನ್ನ ಕಡೆ ನೋಡಿದರು, ಮೆಚ್ಚುಗೆಯಿಂದ. ನನ್ನ ಎಲೆಯ ಮುಂದೆ ಹೋಳಿಗೆ ಬಂತು. ಕೈ ಅಡ್ಡ ಹಿಡಿದೆ. ಬೆರಳು ಬಿಗಿಯಾಗಿತ್ತು.

ಅತ್ತಿಗೆಗೆ ಆ ಒಂದೂವರೆ ದಿನ ಎಂದರೆ ನಾನು ಹೇಳಿದ್ದು ಮಾತ್ರ. ಹೊಳೆಯಲ್ಲಿ ಕಲ್ಲು ಮುಟ್ಟಿದ್ದೂ ನನ್ನ ಮಾತು, ಮೂರು ಸಲ ಬೇಡ ಎಂದದ್ದೂ ನನ್ನ ಮಾತು. ಒಂದು ಸುಳ್ಳೆಂದು ತಿಳಿದರೆ ಇನ್ನೊಂದನ್ನು ಅವಳು ಹೇಗೆ ನಂಬಿಯಾಳು? ಇದೇ ಹೆದರಿಕೆಯಿಂದ ಇಷ್ಟು ದಿನ ಸುಮ್ಮನಿದ್ದೆ. ನಾನು ಅಚ್ಚು ಹಾಕಿದ್ದನ್ನೆಲ್ಲ ಅವಳು ಓದುತ್ತಾಳೆ, ಸಾಲಿನ ಕೆಳಗೆ ಬೆರಳಿಟ್ಟು, ಅವಸರವಿಲ್ಲದೆ. ಇದನ್ನೂ ಓದುತ್ತಾಳೆ.

ಅತ್ತಿಗೆ, ಕಲ್ಲು ಮುಟ್ಟಿದ್ದು ಹೌದು. ಕಂಬಳಿ ನೀಲಿ. ನಾನು ನಿನ್ನನ್ನು ಬಿಟ್ಟು ಹೋಗಿದ್ದು ಒಂದು ಗಂಟೆ ಐವತ್ತು ನಿಮಿಷ. ಕೇಳಿದ್ದು ಮೂರು ಸಲ ಅಲ್ಲ. ಒಂದೋ ಎರಡೋ ಗೊತ್ತಿಲ್ಲ. ಲೋಟದ ಮೇಲೆ ನೀನು ಹಿಡಿದ ಕೈಯಲ್ಲಿ ಬೆರಳುಗಳ ನಡುವೆ ಸಂದಿ ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ನಾನು ಆಗ ಬೆಟ್ಟ ನೋಡುತ್ತಿದ್ದೆ.